ಎರಡು ಸಲ ಬಂದ ಸಾಲು

ಅಚ್ಚಿನ ತಪ್ಪಂತೆ! ನನ್ನ ಎಂ.ಎ. ಪ್ರಬಂಧ ನೋಡುತ್ತಿದ್ದ ಮೇಷ್ಟ್ರು ಒಂದಿಡೀ ಪುಟದ ಮೇಲೆ ಕೆಂಪು ಗೆರೆ ಎಳೆದಿದ್ದರು.

ಇಂಗ್ಲಿಷಿಗೆ ಬಂದ ಹಳೆಯ ಜರ್ಮನ್ ಲಾವಣಿಯೊಂದು ನನ್ನ ವಿಷಯ. ಯುದ್ಧಕ್ಕೆ ಹೋದ ಮಗನಿಗಾಗಿ ತಾಯಿ ಕಾಯುತ್ತಾಳೆ. ಪ್ರತಿ ನುಡಿಯ ಕೊನೆಗೂ ‘ಬಾಗಿಲು ತೆರೆದೇ ಇತ್ತು’ ಎಂಬ ಪಲ್ಲವಿ. ಮಗನ ಹೆಣ ಬರುವ ನುಡಿಯಲ್ಲಿ ಮಾತ್ರ ಅದು ಎರಡು ಸಲ ಬರುತ್ತದೆ. ಆ ಪುಟ ಬರೆದಿದ್ದು ಅದರ ಬಗ್ಗೆಯೇ; ಮೇಷ್ಟ್ರಿಗೆ ಅದು ಅಚ್ಚಿನ ತಪ್ಪು.

“ವಸ್ತು ಇರೋದು ಕಥೇಲಿ ಕಣಮ್ಮ, ಪಲ್ಲವಿ ಬರೀ ಅಲಂಕಾರ. ಈ ಪುಟ ಕಿತ್ತುಹಾಕು. ಇಲ್ದಿದ್ರೆ ಇನ್ನೊಂದು ವರ್ಷ ಕೂತ್ಕೋ” ಎಂದರು.

ರಾಜಗೋಪಾಲನಗರದ ಮನೆಯಲ್ಲಿ ಅಪ್ಪನದೂ ಅದೇ ರಾಗ. ಪೀಣ್ಯದ ಕಾರ್ಖಾನೆಯಿಂದ ಬಂದವರು ಬೂಟು ಬಿಚ್ಚುತ್ತಾ, “ಸಾಹೇಬ್ರ ಮುಂದೆ ಬಾಯಿ ಮುಚ್ಕೊಂಡಿರಬೇಕು. ನಾನು ಇಷ್ಟು ವರ್ಷ ಇನ್ನೇನು ಮಾಡಿದ್ದು?” ಎಂದರು.

“ಅದಕ್ಕೇ ಅಪ್ಪ, ನಾನು ಮುಚ್ಕೊಳ್ಳಲ್ಲ” ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಚಿಕ್ಕಂದಿನಿಂದ ಕೇಳಿದ್ದನ್ನು ಅಲಂಕಾರ ಎಂದರೆ ಹೇಗೆ ಒಪ್ಪಲಿ? ಅಮ್ಮ, ಸೋದರತ್ತೆ ಎದುರುಬದುರು ಕೂತು ರಾಗಿ ಬೀಸುತ್ತಿದ್ದರು. ಅತ್ತೆ ಹಾಡು ಎತ್ತಿದರೆ ಅಮ್ಮ ಪಲ್ಲವಿ ಹೇಳುತ್ತಿದ್ದಳು. ಅತ್ತೆಗೆ ತೀರಿಹೋದ ಮಗಳ ನೆನಪಾಗಿ ಗಂಟಲು ಕಟ್ಟಿದರೆ ಅಮ್ಮ ಕಲ್ಲು ನಿಲ್ಲಿಸುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ಅತ್ತೆಯ ದನಿ ಮರಳುವವರೆಗೂ ಪಲ್ಲವಿಯನ್ನೇ ತಿರುಗಿ ತಿರುಗಿ ಹಾಡುತ್ತಿದ್ದಳು. ಲಾವಣಿಯಲ್ಲಿ ಎರಡನೇ ಸಲ ಬರುವ ಸಾಲೂ ಅಂಥದ್ದೇ, ಹಾಡುವವಳ ದನಿ ನಿಂತಾಗ ಜೊತೆಯವಳು ಹಿಡಿದದ್ದು ಎಂದು ನಾನು ಬರೆದಿದ್ದೆ.

ಪುಟ ಕೀಳದೆಯೇ ಮೌಖಿಕ ಪರೀಕ್ಷೆಗೆ ಹೋದೆ. ಮೇಷ್ಟ್ರ ಮುಖ ಕೆಂಪಾಯಿತು. “ಎಷ್ಟು ಕೊಬ್ಬು ನಿಂಗೆ! ಎಲ್ಲಿ, ಓದು ನೋಡೋಣ” ಎಂದು ಲಾವಣಿಯ ಪುಸ್ತಕ ನನ್ನತ್ತ ತಳ್ಳಿ, ತಮ್ಮ ಪ್ರತಿ ಬಿಚ್ಚಿಟ್ಟುಕೊಂಡರು.

ಜೋರಾಗಿಯೇ ಓದಿದೆ. ಹೆಣ ಅಂಗಳಕ್ಕೆ ಬಂತು. ‘ಬಾಗಿಲು ತೆರೆದೇ ಇತ್ತು’ ಎಂದವಳಿಗೆ ಅತ್ತೆಯ ಮುಖ ಕಣ್ಮುಂದೆ ಬಂದು ಗಂಟಲು ಕಟ್ಟಿತು. ಥೂ, ಇವರ ಮುಂದೆಯೇ ಅಳಬೇಕೆ! ಎಷ್ಟು ಉಗುಳು ನುಂಗಿದರೂ ದನಿ ಹೊರಡಲಿಲ್ಲ.

ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ, ಮೆಲ್ಲಗೆ ಓದಿದರು: “ಬಾಗಿಲು ತೆರೆದೇ ಇತ್ತು.”

ನನಗೆ ದನಿ ಬಂತು. ಮುಂದಿನ ನುಡಿ ಓದಿ ಮುಗಿಸಿ, ಮೇಜಿನ ಮೇಲಿದ್ದ ಅವರ ಕೆಂಪು ಪೆನ್ನನ್ನು ಎತ್ತಿ ಅವರ ಮುಂದೆಯೇ ಇಟ್ಟೆ.

“ಈಗ ಹೊಡೀರಿ ಸಾರ್ ಗೆರೆ” ಎಂದೆ.