ಶನಿವಾರದ ಹನ್ನೆರಡು ಸಹಿಗಳು

ಇದನ್ನು ಹೇಳಬೇಕೆಂದು ಹೊರಟು ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳಿಗೂ ಹೇಳಲಿಲ್ಲ. ಕಳೆದ ಶುಕ್ರವಾರ ಮೊಮ್ಮಗಳು ನನ್ನ ಹಳೆಯ ಸೂಟ್‌ಕೇಸ್ ತೆರೆದು ಒಂದು ಕರ್ಚೀಫ್ ಹೊರಗೆಳೆದಳು. ಬಿಳಿ ಬಟ್ಟೆ ಹಳದಿಯಾಗಿದೆ; ಮೂಲೆಯಲ್ಲಿ ಕೆಂಪು ದಾರದಲ್ಲಿ ಹೊಲಿದ ಕನ್ನಡದ ಹೆಸರು ಮಾತ್ರ ಹಾಗೆಯೇ ಇದೆ. "ಅಜ್ಜಾ, ಹೂ ಈಸ್ ದಿಸ್?" ಎಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಅದನ್ನು ಮೂಗಿಗೆ ಹಿಡಿದೆ. ಇಷ್ಟು ವರ್ಷದ ಮೇಲೆ ಏಲಕ್ಕಿಯ ವಾಸನೆ ಉಳಿದಿರಲು ಸಾಧ್ಯವಿಲ್ಲ... ಆದರೂ ಬಂತು. ಅದರ ಹಿಂದೆಯೇ ಹೊಲಿಗೆ ಟೀಚರ್ ನೆನಪಿಗೆ ಬಂದರು, ನಗುತ್ತಾ.

ಟೀಚರ್ ಇಲ್ಲಿ, ಗಲ್ಫಿನ ದಾರ್ಸೈಟಿನಲ್ಲಿ, ನಮ್ಮ ಕೆಳಗಿನ ಮನೆಯಲ್ಲಿದ್ದರು. ಗಂಡನ ಕೆಲಸಕ್ಕಾಗಿ ಮುಂಬಯಿಯಿಂದ ಬಂದವರು. ಮನೆಯಲ್ಲಿ ಮರಾಠಿ. ಎದುರು ಮನೆಯ ಮಂಗಳೂರಿನ ಬಾಯಮ್ಮ ಅವರನ್ನು ತಮ್ಮ ಹಾಗೆ ಕ್ರಿಶ್ಚಿಯನ್ನರೆಂದು ತಿಳಿದಿದ್ದರು. ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಹಾಕಿ ಹಂಚುವುದನ್ನು ಕಂಡು ನಾವು ಅವರನ್ನು ಬ್ರಾಹ್ಮಣರೆಂದುಕೊಂಡಿದ್ದೆವು. ಅವರು ಯೆಹೂದಿ. ಕೊಂಕಣ ಕರಾವಳಿಯಲ್ಲಿ ಅವರ ಹಿರಿಯರು ಎಣ್ಣೆಗಾಣ ಇಟ್ಟಿದ್ದರಂತೆ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಶನಿವಾರದ ಗಾಣಿಗರೆನ್ನುತ್ತಿದ್ದರಂತೆ. ನಾನೂ ಉಡುಪಿಯ ಕಡೆಯ ಗಾಣಿಗನೆಂದು ಗೊತ್ತಾದ ಮೇಲೆ ನನ್ನನ್ನು 'ಭಾವೂ' ಎಂದು, ಮರಾಠಿಯಲ್ಲಿ ಅಣ್ಣ ಎಂದು, ಕರೆಯತೊಡಗಿದರು. ಆ ಅವಲಕ್ಕಿಯ ಹೆಸರು ಮಲೀದಾ. ಹರಕೆ ತೀರಿದಾಗ ಮಾಡುವುದು. ಅವರ ಹರಕೆಗಳೆಲ್ಲ ಬೇರೆಯವರಿಗಾಗಿ ಇರುತ್ತಿದ್ದವು.

ಶುಕ್ರವಾರ ಮಧ್ಯಾಹ್ನ, ರಜೆ ಸಿಕ್ಕಿದ ಮನೆಗೆಲಸದ, ಕಸಗುಡಿಸುವ ಹೆಂಗಸರು ಅವರ ಮನೆಗೆ ಹೊಲಿಗೆ ಕಲಿಯಲು ಬರುತ್ತಿದ್ದರು. ಮೊದಲ ಪಾಠ, ಕರ್ಚೀಫಿನ ಮೇಲೆ ಸ್ವಂತ ಹೆಸರು ಹೊಲಿಯುವುದು. ಮೇಲಿನ ಮನೆಯಲ್ಲಿದ್ದ ನಮಗೆ ಆ ನಗು ಕೇಳುತ್ತಿತ್ತು. ಸೂರ್ಯ ಇಳಿಯುವ ಮೊದಲು ಎಲ್ಲರನ್ನೂ ಕಳಿಸಿ ಟೀಚರ್ ದೀಪ ಹಚ್ಚುತ್ತಿದ್ದರು. ಅಲ್ಲಿಂದ ಶನಿವಾರ ಸಂಜೆಯವರೆಗೆ ಅಡಿಗೆಯಿಲ್ಲ, ಕಾರು ಹತ್ತುವುದಿಲ್ಲ, ಪೆನ್ನು ಮುಟ್ಟುವುದಿಲ್ಲ. ಉಳಿದ ದಿನ ಆ ಪೆನ್ನಿಗೆ ಬಿಡುವಿರಲಿಲ್ಲ. ಸಂಬಳ ಸಿಗದವರಿಗೆ, ರಜೆ ಸಿಗದವರಿಗೆ ಅರ್ಜಿ ಬರೆಯುವುದೇ ಕೆಲಸ. ಅವರ ತಾಯಿಯೂ ಮುಂಬಯಿಯ ಗಿರಣಿ ಹೆಂಗಸರಿಗಾಗಿ ಹೀಗೆಯೇ ಓಡಾಡಿದವರು. ಇದನ್ನು ದಾನಧರ್ಮ ಎಂದರೆ ಟೀಚರಿಗೆ ಸಿಟ್ಟು ಬರುತ್ತಿತ್ತು. ನ್ಯಾಯ ಎನ್ನಬೇಕಿತ್ತು.

ನಾನು ಪಕ್ಕದ ರುವಿ ಪೇಟೆಯ ಒಂದು ಕ್ಲೀನಿಂಗ್ ಕಂಪನಿಯಲ್ಲಿ ಗುಮಾಸ್ತ. ಕೆಲಸಗಾರರ ಪಾಸ್‌ಪೋರ್ಟುಗಳು ನನ್ನ ಡ್ರಾಯರಿನಲ್ಲಿ, ನಂಬರಿನ ಪ್ರಕಾರ. ಟೀಚರ್ ಕ್ಲಾಸಿಗೂ ಹೋಗುತ್ತಿದ್ದ ಕಾರ್ಕಳದ ಕಡೆಯ ಒಬ್ಬಳು ಮಗಳ ಮದುವೆಗೆ ಊರಿಗೆ ಹೋಗಬೇಕಿತ್ತು. ಅವಳು ಹೋದರೆ ಬದಲಿ ಹುಡುಕುವ ತಲೆನೋವು ನನ್ನದು. ಪಾಸ್‌ಪೋರ್ಟ್ ಕಫೀಲರ ಹತ್ತಿರ, ಅಂದರೆ ವೀಸಾ ಕೊಟ್ಟ ಅರಬ ಮಾಲೀಕರ ಹತ್ತಿರ ಇದೆ, ಅವರು ಕೊಡುತ್ತಿಲ್ಲ ಎಂದುಬಿಟ್ಟೆ. ಕಫೀಲರು ಮುದುಕರು, ಒಳ್ಳೆಯವರು; ಅವರಿಗೆ ಈ ಸಂಗತಿಯೇ ಗೊತ್ತಿರಲಿಲ್ಲ.

ಟೀಚರ್ ಮೆಟ್ಟಿಲು ಹತ್ತಿ ಬಂದು ಅವಳ ಪಾಸ್‌ಪೋರ್ಟ್ ಕೇಳಿದರು. ಮೂವತ್ತೇಳನೇ ನಂಬರಿನ ವಿಷಯವಾ ಎಂದೆ.

"ಎಂತ ಭಾವೂ, ಮೂವತ್ತೇಳು ಅಂದ್ರೆ ಬಸ್ಸಿನ ನಂಬ್ರವಾ? ಹೆಸರು ಹೇಳಿ." ನಮ್ಮ ಊರಿನ ಈ ಕನ್ನಡವನ್ನು ಟೀಚರ್ ತಮ್ಮ ಕ್ಲಾಸಿನ ಹೆಂಗಸರಿಂದ ಕಲಿತಿದ್ದರು.

ನಾನು ಹೆಸರು ಹೇಳಲಿಲ್ಲ. ಅವರು ಮರುದಿನ ಬಂದರು, ಅದರ ಮರುದಿನವೂ. ಕೊನೆಗೆ ನಾನೊಂದು ಉಪಾಯ ಹೂಡಿದೆ. ಅವಳು ವಾಪಸು ಬರುತ್ತಾಳೆಂದು ಹನ್ನೆರಡು ಜನ ಜಾಮೀನು ಸಹಿ ಹಾಕಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ, ಶನಿವಾರವೇ ಆಫೀಸಿಗೆ ಬಂದು ಮಧ್ಯಾಹ್ನದೊಳಗೆ ನನ್ನೆದುರೇ ಹಾಕಬೇಕು ಎಂದು ನಾನೇ ಒಂದು ಕಾಗದ ಟೈಪ್ ಮಾಡಿಕೊಟ್ಟೆ. ಆಗ ಇಲ್ಲಿ ಶುಕ್ರವಾರ ರಜೆ, ಶನಿವಾರ ಕೆಲಸದ ದಿನ. ಟೀಚರ್ ಆ ದಿನ ಪೆನ್ನು ಮುಟ್ಟುವುದಿಲ್ಲ, ಆ ಹೆಂಗಸರಿಗೆ ಸಹಿ ಬರುವುದಿಲ್ಲ. ಒಬ್ಬರ ವ್ರತವನ್ನೇ ಅವರಿಗೆ ಬಲೆ ಮಾಡಿದೆ. ಇದು ನಾನು ಮಾಡಿದ್ದು...

ಶನಿವಾರ ಹತ್ತು ಗಂಟೆಗೆ ಬಾಗಿಲು ತೆರೆಯಿತು. ದಾರ್ಸೈಟಿನಿಂದ ಬಿಸಿಲಲ್ಲಿ ನಡೆದುಕೊಂಡೇ ಬಂದ ಟೀಚರ್ ಮುಖ ಟೊಮೆಟೊ ಹಣ್ಣಿನಂತಾಗಿತ್ತು. ಹಿಂದೆ ಹನ್ನೆರಡು ಹೆಂಗಸರು, ಮದುವೆ ದಿಬ್ಬಣದ ಹಾಗೆ. ಟೀಚರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು.

"ನಾನು ಮುಟ್ಟುವುದಿಲ್ಲ ಭಾವೂ. ಪೆನ್ನು ಇವರಿಗೆ ಕೊಡಿ."

ಒಬ್ಬೊಬ್ಬಳೂ ತನ್ನ ಕರ್ಚೀಫ್ ಮೇಜಿನ ಮೇಲೆ ಹರಡಿ, ದಾರದ ಅಕ್ಷರ ನೋಡಿ ನೋಡಿ, ನಾಲಿಗೆ ಕಚ್ಚಿಕೊಂಡು ಸಹಿ ಹಾಕಿದಳು. ಒಬ್ಬಳ ಹೆಸರು ಕಾಗದದ ಅಂಚು ದಾಟಿ ನನ್ನ ಕ್ಯಾಲೆಂಡರಿಗೂ ಹೋಯಿತು. ಇನ್ನೊಬ್ಬಳು, "ಟೀಚರ್, ಒಂದು ಹಾಕಿದ್ರೆ ಸಾಕಾ? ಇನ್ನೊಂದು ಹಾಕ್ಲಾ?" ಎಂದಳು.

ಅಷ್ಟರಲ್ಲಿ ಕಫೀಲರು ಒಳಗೆ ಬಂದರು. ಇದೇನು ಗುಂಪು, ಇದೇನು ಕಾಗದ ಎಂದು ಹಿಂದಿಯಲ್ಲಿ ಕೇಳಿದರು. ಟೀಚರ್ ಒಂದು ಮಾತು ಹೇಳಿದ್ದರೆ ನನ್ನ ನೌಕರಿ ಹೋಗುತ್ತಿತ್ತು. ಅವರು ನನ್ನತ್ತ ನೋಡಿ, ಇದು ನಮ್ಮ ಕ್ಲಾಸಿನ ಪರೀಕ್ಷೆ, ಪರೀಕ್ಷಕರು ಇವರೇ, ಪಾಸಾದರೆ ಒಬ್ಬಳಿಗೆ ಪಾಸ್‌ಪೋರ್ಟ್ ಬಹುಮಾನ ಎಂದರು. ಕಫೀಲರು ಹೊಟ್ಟೆ ಹಿಡಿದು ನಕ್ಕರು. "ಖಲಾಸ್, ದೇ ದೋ," ಮುಗಿಯಿತು, ಕೊಟ್ಟುಬಿಡು ಎಂದರು. ನಾನು ಡ್ರಾಯರಿನ ಬೀಗ ತೆಗೆದೆ. ಪಾಸ್‌ಪೋರ್ಟ್ ಎಲ್ಲಿತ್ತೆಂದು ಎಲ್ಲರೂ ನೋಡಿದರು.

ಹೊರಡುವ ದಿನ ಕಾರ್ಕಳದವಳು ಆಫೀಸಿಗೆ ಬಂದು, ಟೀಚರ್ ಮಾಡಿದ ಮಲೀದಾದ ತಟ್ಟೆ ಮೇಜಿನ ಮೇಲಿಟ್ಟಳು. ಅದರ ಮೇಲೆ ಈ ಕರ್ಚೀಫ್ ಮುಚ್ಚಿತ್ತು.

"ತಿನ್ನಿ ಸಾರ್. ಕರ್ಚೀಫ್ ನೀವೇ ಇಟ್ಕೊಳ್ಳಿ, ಹೆಸರು ಮರೀಬಾರದಲ್ಲ."

ಆ ಕ್ಷಣ ತಪ್ಪಾಯಿತು ಎನ್ನಬಹುದಿತ್ತು. ನಾನು, "ಯಲ್ಲಾ ಯಲ್ಲಾ, ಬೇಗ ಹೊರಡು, ಟ್ಯಾಕ್ಸಿ ಕಾಯ್ತಾ ಉಂಟು," ಎಂದೆ. ಮಲೀದಾ ಮಾತ್ರ ಪೂರ್ತಿ ತಿಂದೆ, ರುಚಿಯಾಗಿತ್ತು.

ಅವಳು ಮತ್ತೆ ಬರಲಿಲ್ಲ, ಊರಿನಲ್ಲೇ ಉಳಿದಳು. ಕೆಲವು ತಿಂಗಳಾದ ಮೇಲೆ ಟೀಚರ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದ ಅವರು ತಲೆ ಎತ್ತಲಿಲ್ಲ.

"ಆ ಮಾತು ನನಗಲ್ಲ ಭಾವೂ. ಅದರ ಅಡ್ರೆಸ್ ಬೇರೆ. ಹೆಸರು ಹಿಡಿದು ಹೇಳಿ." ಆಮೇಲೆ ನಕ್ಕು ಚಹಾ ಕೊಟ್ಟರು.

ಟೀಚರ್ ಮುಂಬಯಿಗೆ ಮರಳಿದರು. ಅವರು ತೀರಿಕೊಂಡ ಸುದ್ದಿ ಎದುರು ಮನೆಯ ಬಾಯಮ್ಮನಿಗೆ ಬಂದ ಫೋನಿನಿಂದ ತಿಳಿಯಿತು. ರಜೆಯಲ್ಲಿ ಊರಿಗೆ ಹೋದಾಗ ನನ್ನ ಬಸ್ಸು ಎಷ್ಟೋ ಸಲ ಕಾರ್ಕಳದಲ್ಲಿ ನಿಂತಿದೆ. ಒಮ್ಮೆಯೂ ನಾನು ಇಳಿಯಲಿಲ್ಲ... ಈಗ ಅವಳು ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ.

ಮೊಮ್ಮಗಳು ಇನ್ನೂ ಕಾಯುತ್ತಾ ಕೂತಿದ್ದಳು. ಅವಳ ಬೆರಳು ಹಿಡಿದು ಕೆಂಪು ದಾರದ ಮೇಲೆ ಒಂದೊಂದೇ ಅಕ್ಷರ ಸವರಿಸಿದೆ. ಎಂದೂ ಬಾಯಿಬಿಟ್ಟು ಹೇಳದ ಹೆಸರನ್ನು ಅವಳ ಜೊತೆ ಕೂಡಿಸಿ ಓದಿದೆ.

ಗುಲಾಬಿ.