ಲೈವ್ ನಿಂತ ಮೇಲೆ ಹೋದ ಸೀರೆಗಳು

ಕಳೆದ ಭಾನುವಾರ ನನಗೆ ಕ್ಯಾಮೆರಾಮನ್ ಆಗಿ ಬಡ್ತಿ ಸಿಕ್ಕಿತು. ಸಂಬಳ ಇಲ್ಲ, ತಿನ್ನಲು ಗಿರ್ಮಿಟ್ ಇದೆ.

ಬಡ್ತಿ ಕೊಟ್ಟವರು ಗಜೇಂದ್ರಗಡದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಗಿರಿಜವ್ವ. ಗಂಡ-ಹೆಂಡತಿ ಇಬ್ಬರೂ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ನಾನು ರೋಣದ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುವವನು. ಕಂಪ್ಯೂಟರ್ ಮಾಸ್ತರ ಎಂದಮೇಲೆ ಫ್ಯಾನು, ಮಿಕ್ಸರು, ಮೊಬೈಲು ಎಲ್ಲ ಗೊತ್ತಿರಲೇಬೇಕು ಎಂಬುದು ನಮ್ಮ ಬಂಧುಬಳಗದ ನಂಬಿಕೆ. (ಈಚೆಗೆ ಒಬ್ಬರು ಬೋರ್‌ವೆಲ್ ಮೋಟರ್ ತೋರಿಸಿದ್ದರು.)

ವೈನಿಗೆ ಲೈವ್ ಮಾಡಬೇಕಿತ್ತು. ಫೋನಿನ ಮುಂದೆ ಹೆಂಗಸರು ಸೀರೆ ಎತ್ತಿ ಹಿಡಿದು ಮಾರುತ್ತಾರಲ್ಲ, ಅದೇ. ಶೋಕಿಗಲ್ಲ. ಅವರ ಸೀರೆಗಳನ್ನು ಒಯ್ಯುತ್ತಿದ್ದ ಸಾಹುಕಾರ ಈ ಸಲ ರೇಟು ಇಳಿಸಿದ್ದ. ‘ಬ್ಯಾಡಾದ್ರ ಬಿಡ್ರಿ. ನಿಮ್ಮ ಸೀರಿ ಬ್ಯಾರೆ ಯಾರ ತಗೋತಾರ?’ ಎಂದೂ ಅಂದಿದ್ದ. ‘ತಗೊಳ್ಳವ್ರು ಭಾಳ ಮಂದಿ ಅದಾರ, ನೀವ್ ಹೋಗ್ರಿ’ ಎಂದು ವೈನಿ ಬಾಗಿಲು ತೋರಿಸಿದ್ದರು. ಆ ಭಾಳ ಮಂದಿ ಯಾರು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಲೈವ್ ನಡೆಯದಿದ್ದರೆ ಮತ್ತೆ ಸಾಹುಕಾರನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಅಣ್ಣ ಆಗಲೇ ಮಗ್ಗದ ಕುಣಿಗೆ ಇಳಿದು, ಈ ಉಸಾಬರಿಗೂ ತನಗೂ ಸಂಬಂಧವಿಲ್ಲ ಎಂಬಂತೆ ಲಾಳಿ ಓಡಿಸುತ್ತಿದ್ದ.

ಪಡಸಾಲೆಯ ಗೋಡೆಗೆ ಚಾದರ ಕಟ್ಟಿದೆವು. ಬೆಳಕಿಗೆಂದು ಬಾಗಿಲು ತೆರೆದಿಟ್ಟೆವು. ‘ನಮಸ್ಕಾರ್ರೀ ಎಲ್ಲಾರಿಗೂ!’ ಎಂದು ವೈನಿ ಶುರು ಮಾಡಿದರು. ಎಲ್ಲಾರು ಎಂದರೆ ಯಾರು? ನನ್ನ ಹೆಂಡತಿ, ನರಗುಂದದಲ್ಲಿರುವ ವೈನಿಯ ತಂಗಿ, ಮತ್ತೆ ಸುಮ್ಮನೆ ಹಾರ್ಟ್ ಒತ್ತುತ್ತಿದ್ದ ಯಾವನೋ ಒಬ್ಬ. ಎರಡನೇ ಸೀರೆಯ ಸೆರಗು ಬಿಚ್ಚುವಷ್ಟರಲ್ಲಿ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಆಮೇಲೆ ಅದೂ ನಿಂತಿತು.

ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಅಂದರೆ, ಆಫ್ ಮಾಡಿ ಆನ್ ಮಾಡಿದೆ. ನಮ್ಮ ಶಾಲೆಯಲ್ಲೂ ಅಷ್ಟೇ. ನೆಟ್ ಹೋದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈ ಚೆಲ್ಲಿ ಕೂರುತ್ತೇವೆ. ಸೀಮೆಸುಣ್ಣ ಇರುತ್ತದೆ, ಹಲಗೆ ಇರುತ್ತದೆ, ಹುಡುಗರಂತೂ ಇದ್ದೇ ಇರುತ್ತಾರೆ. ಆದರೂ ಸರ್ವರ್ ಡೌನ್ ಎಂದರೆ ಮುಗಿಯಿತು, ಮಿದುಳೂ ಡೌನ್. ನಿಮ್ಮ ಆಫೀಸಿನಲ್ಲಿ ಬೇರೆ ಥರ ಇದೆಯೇ? ಇದ್ದರೆ ತಿಳಿಸಿ, ವರ್ಗಾವಣೆ ಕೇಳುತ್ತೇನೆ.

‘ವೈನಿ, ನೆಟ್ ಹೋತು. ಯಾರಿಗೂ ಕಾಣೂದಿಲ್ಲ. ಬಂದ್ ಮಾಡ್ರಿ’ ಎಂದೆ.

‘ಬರತೈತೇಳು. ನೀ ಹಿಡಕೊಂಡ ನಿಂದ್ರು. ಅಷ್ಟರಾಗ ನಾ ರೂಢಿ ಮಾಡ್ಕೋತೀನಿ.’

ಮಾಡಿಯೇ ಬಿಟ್ಟರು. ಸತ್ತ ಫೋನಿಗೆ ಸೀರೆ ತೋರಿಸುವ ಹೆಂಗಸನ್ನು ನೀವು ನೋಡಿದ್ದೀರಾ? ಓಣಿಯವರೂ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

ಇಲ್ಲೊಂದು ಮಾತು ಹೇಳಬೇಕು. ನೇಕಾರರ ಓಣಿಯಲ್ಲಿ ಸೀರೆ ಬಿಚ್ಚಿ ತೋರಿಸುವ ರೂಢಿ ಇಲ್ಲ. ಮಗ್ಗದಿಂದ ಇಳಿದದ್ದೇ ಮಡಿಚಿ, ಅರಿವೆಯಲ್ಲಿ ಸುತ್ತಿ, ನೇರ ಸಾಹುಕಾರನ ಕಡೆಗೆ. ಪಕ್ಕದವರು ಅಂಚು ನೋಡಿ ತಾವೂ ಅದನ್ನೇ ನೇಯ್ದುಬಿಟ್ಟರೆ? ಆ ಭಯ. ಲೈವಿನಲ್ಲಿ ಇಡೀ ಜಗತ್ತಿಗೆ ತೋರಿಸಬಹುದು, ಗೋಡೆಯಾಚೆಯವರಿಗೆ ಮಾತ್ರ ತೋರಿಸಬಾರದು!

ಗೋಡೆಯಾಚೆ ಇರುವುದು ಶಂಶಾದಬಿಯವರ ಬಳೆ ಅಂಗಡಿ. ಗಿರಾಕಿಗಳನ್ನು ಬಿಟ್ಟು ಬಂದವರೇ ಕೂಗಿದರು: ‘ಗಿರಿಜಾ, ಆ ಹಸರ ಸೀರಿ ಇತ್ತ ತೋರ್ಸ! ಆ ಡಬ್ಬಿಗೇನ್ ತೋರಸ್ತಿ? ಅದೇನ್ ಉಟ್ಕೋತೈತೇನು?’

ವೈನಿ ಫೋನಿಗೆ ಬೆನ್ನು ತಿರುಗಿಸಿದರು. ಶಂಶಾದಬಿ ಸೆರಗು ಮುಟ್ಟಿ ನೋಡಿದರು. ನೋಡಿದ್ದೇ ಸಿಟ್ಟಿಗೆದ್ದರು. ‘ಇಂಥಾವು ಮನ್ಯಾಗಿಟ್ಕೊಂಡ ಸುಮ್ನ ಕುಂತಿಯಲ್ಲ! ಕುಬಸಕ್ಕ ಬಳಿ ತಗೊಳ್ಳಾಕ ಬಂದವ್ರು ಹಸರ ಸೀರಿ ಎಲ್ಲಿ ಸಿಗತಾವ್ರಿ ಅಂತ ದಿನಾ ಕೇಳ್ತಾರ. ನಾ ಹುಬ್ಬಳ್ಳಿಗೆ ಹೋಗ್ರಿ ಅಂತ ಕಳಸಾಕತ್ತೀನಿ!’

(ಕುಬಸ ಗೊತ್ತಲ್ಲ? ಚೊಚ್ಚಿಲ ಬಸುರಿಗೆ ಹಸಿರು ಸೀರೆ ಉಡಿಸಿ, ಕೈ ತುಂಬ ಹಸಿರು ಬಳೆ ಇಡಿಸುವ ಕಾರ್ಯ.)

ಇತ್ತ ಮಗ್ಗ, ಅತ್ತ ಹುಬ್ಬಳ್ಳಿ ಬಸ್ಸು ತೋರಿಸುವ ಶಂಶಾದಬಿ, ನಡುವೆ ಒಂದೇ ಗೋಡೆ. ಇಷ್ಟು ವರ್ಷ ಅವರಿಗೆ ಮಗ್ಗದ ಸಪ್ಪಳ ಕೇಳಿತ್ತು, ಸೀರೆ ಕಂಡಿರಲಿಲ್ಲ. ಲೈವ್ ಸರಿಯಾಗಿ ನಡೆದಿದ್ದರೆ ವೈನಿ ಮಾಡುತ್ತಿದ್ದ ಮೊದಲ ಕೆಲಸ ಏನು ಗೊತ್ತೇ? ‘ಗದ್ದಲ ಮಾಡಬ್ಯಾಡ್ರಿ’ ಎಂದು ಇವರನ್ನೆಲ್ಲ ಅಟ್ಟುವುದು.

ಅಂಗಡಿಯಲ್ಲಿ ಅಬ್ಬಿಗೇರಿಯಿಂದ ಬಳೆಗೆ ಬಂದಿದ್ದ ತಾಯಿ-ಮಗಳನ್ನು ಶಂಶಾದಬಿ ಕೈಹಿಡಿದು ಕರೆತಂದರು. ಹಸಿರು ಸೀರೆ ಅಲ್ಲೇ ಹೋಯಿತು. ಉಳಿದ ಹಸಿರು ಸೀರೆಗಳು ಬಳೆ ಅಂಗಡಿಯ ಹಗ್ಗದ ಮೇಲೆ ನೇತಾಡಿದವು. ಎಲ್ಲ ಖಾಲಿಯಾಗಲಿಲ್ಲ, ಇದೇನು ಸಿನಿಮಾ ಅಲ್ಲ. ಆದರೆ ಇನ್ನು ಯಾರ ಕಾಲಿಗೂ ಬೀಳಬೇಕಿಲ್ಲ ಎಂಬಷ್ಟು ಧೈರ್ಯ ಬಂತು. ವೈನಿಯ ಮುಖ ನೋಡಿ ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ? ಅಣ್ಣ ಕುಣಿಯಿಂದ ಎದ್ದು ಬಂದು ‘ನಾ ಆವಾಗ್ಲೇ ಹೇಳಿದ್ದೆ’ ಎಂದ. (ಏನೂ ಹೇಳಿರಲಿಲ್ಲ.)

ಸಂಜೆ ನೆಟ್ ಬಂತು. ಬೆನ್ನಿಗೇ ಸಾಹುಕಾರನ ಫೋನೂ ಬಂತು. ವೈನಿ ಸ್ಪೀಕರ್ ಹಾಕಿದರು.

‘ಏನ್ರಿ, ನಿಮ್ಮ ಫೋನಿನ ವ್ಯಾಪಾರ ನಿಂತ್ ಹೋತಂತ? ಇರ್ಲಿ ಬಿಡ್ರಿ. ನಾಳೆ ಗಾಡಿ ಕಳಸ್ತೀನಿ, ನಾ ಹೇಳಿದ ರೇಟಿಗೇ ಕೊಟ್ಬಿಡ್ರಿ.’

ಟವರಿನ ಕಡ್ಡಿಗಳೆಲ್ಲ ಪೂರ್ತಿ ಇದ್ದವು. ವೈನಿ ಫೋನನ್ನು ಮಾರು ದೂರ ಹಿಡಿದು ಕೂಗಿದರು: ‘ಹಲೋ? ಹಲೋ? ಏನೂ ಕೇಳವಲ್ದರೀ ಸಾಹುಕಾರ್ರ, ನೆಟ್‌ವರ್ಕ್ ಇಲ್ಲ!’