ನಡೆಯಲಾಗದ ಫ್ರೇಮಣ್ಣನ ಸೈಕಲ್ಲು

ಫೋಟೋಗಳಿಗೆ ಕಟ್ಟು ಹಾಕುವುದು ಅವರ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಮೂವತ್ತೆಂಟು ವರ್ಷ ಒಂದೇ ಅಂಗಡಿಯಲ್ಲಿ ಕೂತು ಫ್ರೇಮು ಮಾಡಿ ಮಾಡಿ ಬೀದಿಗೆಲ್ಲ ಅವರು ಫ್ರೇಮಣ್ಣ ಆಗಿಬಿಟ್ಟಿದ್ದರು. ಹೊಸಬರು ತಪ್ಪಾಗಿ ಪ್ರೇಮಣ್ಣ ಎಂದು ಕರೆದರೆ, "ಇರ್ಲಿ ಬಿಡಿ, ಈ ವಯಸ್ಸಲ್ಲಿ ಹಾಗೆ ಕರೆಯೋರಾದ್ರೂ ಎಲ್ಲಿದಾರೆ" ಎಂದು ನಗುತ್ತಿದ್ದರು. ಮದುವೆಯ ಫೋಟೋ, ಓದಿದವರ ಸರ್ಟಿಫಿಕೇಟು, ತೀರಿಕೊಂಡವರ ಮುಖ, ಎಲ್ಲಕ್ಕೂ ಅವರ ಮೇಜಿನ ಮೇಲೆ ಒಂದೇ ಮರ್ಯಾದೆ. ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು, ವಜ್ರದ ಮೊನೆಯಿಂದ ಒಂದೇ ಗೆರೆ ಎಳೆದು, ಅಂಚಿಗೆ ಮೆಲ್ಲಗೆ ತಟ್ಟಿದರೆ ಸಾಕು, ಗಾಜು ಹೇಳಿದ ಮಾತು ಕೇಳುತ್ತಿತ್ತು. ಹಿಂಬದಿಗೆ ಕಂದು ಕಾಗದ ಅಂಟಿಸುವ ಕೆಲಸ ಹೆಂಡತಿಯದು.

ಐವತ್ತೊಂಬತ್ತನೇ ವಯಸ್ಸಿನಲ್ಲಿ ಬಲಗೈಯ ಹೆಬ್ಬೆರಳು ತಾನಾಗಿಯೇ ಅಲ್ಲಾಡತೊಡಗಿತು. ಗಾಜು ಅಡ್ಡಾದಿಡ್ಡಿ ಒಡೆಯಿತು. ಮೊದಲು ಗಾಜನ್ನು ಬೈದರು, ಆಮೇಲೆ ಮೇಜನ್ನು. ಒಂದು ದಿನ ಒಬ್ಬ ಅಜ್ಜಿ ತನ್ನ ಗಂಡನದೆಂದು ಉಳಿದಿದ್ದ ಒಂದೇ ಒಂದು ಫೋಟೋ ತಂದುಕೊಟ್ಟಿದ್ದರು. ಅಂಚು ಸಮಮಾಡಲು ಹೋದ ಬ್ಲೇಡು ಜಾರಿ, ಕಿವಿಯಿಂದ ಗಲ್ಲದವರೆಗೆ ಸೀಳಿಬಿಟ್ಟಿತು. ಅಜ್ಜಿ ಬೈಯಲಿಲ್ಲ. ಎರಡು ತುಂಡನ್ನೂ ಕೈಚೀಲಕ್ಕೆ ಹಾಕಿಕೊಂಡು ಸುಮ್ಮನೆ ಮೆಟ್ಟಿಲಿಳಿದು ಹೋದರು. ಬೈದಿದ್ದರೆ ಫ್ರೇಮಣ್ಣ ಇನ್ನೂ ಸ್ವಲ್ಪ ದಿನ ಅಂಗಡಿ ನಡೆಸುತ್ತಿದ್ದರೇನೋ. ಆ ವಾರವೇ ಬಾಗಿಲು ಹಾಕಿದರು.

"ಇದು ನಡುಕದ ಕಾಯಿಲೆ. ವಾಸಿ ಆಗೋದಲ್ಲ. ಮಾತ್ರೆ ತಗೊಂಡ್ರೆ ಸ್ವಲ್ಪ ಹಿಡಿತದಲ್ಲಿರುತ್ತೆ," ಎಂದರು ಡಾಕ್ಟರು.

"ಎಷ್ಟು ದಿನ ಹಿಡಿತದಲ್ಲಿರುತ್ತೆ ಡಾಕ್ಟ್ರೇ?" ಹೆಂಡತಿ ಕೇಳಿದಳು.

ಡಾಕ್ಟರು ಚೀಟಿ ಬರೆಯುತ್ತಲೇ ಇದ್ದರು.

ಮೂರು ವರ್ಷ ಕಳೆಯುವಷ್ಟರಲ್ಲಿ ಕಾಯಿಲೆ ಕಾಲಿಗೂ ಬಂತು. ಕಾಲಲ್ಲಿ ಶಕ್ತಿ ಇತ್ತು, ಆದರೆ ಅಂಟು ಹಾಕಿದಂತೆ ನೆಲ ಕಚ್ಚುತ್ತಿತ್ತು. ಬಾಗಿಲು ದಾಟುವಾಗ ಹೆಚ್ಚು. ಬಚ್ಚಲ ಬಾಗಿಲಲ್ಲಿ ಅರ್ಧ ಗಂಟೆ ನಿಂತೇ ಇರುತ್ತಿದ್ದರು. ಯಾರೋ ಹೇಳಿದರೆಂದು ಹೆಂಡತಿ ಮನೆಯ ನೆಲದ ತುಂಬ ಸೀಮೆಸುಣ್ಣದ ಅಡ್ಡಗೆರೆ ಎಳೆದಳು. ಗೆರೆ ದಾಟುವ ನೆಪದಲ್ಲಿ ಕಾಲು ಏಳುತ್ತದಂತೆ. ಎದ್ದಿತು ಕೂಡ, ಒಂದಷ್ಟು ದಿನ. ಬೀದಿಗೆ ಗೆರೆ ಎಳೆಯುವವರು ಯಾರು? ಒಮ್ಮೆ ರಸ್ತೆ ದಾಟುತ್ತ ನಟ್ಟನಡುವೆ ನಿಂತುಬಿಟ್ಟರು. ಎರಡೂ ಕಡೆ ಹಾರ್ನು. ಕುಡಿದಿದ್ದಾನೆ ಎಂದು ಯಾರೋ ಕೂಗಿದರು. ಹೆಂಡತಿ ಬೆನ್ನಿಗೆ ಕೈಕೊಟ್ಟು ನೂಕಿದಳು, ಅವರು ಕಂಬದ ಹಾಗೆ ವಾಲಿದರೇ ಹೊರತು ಹೆಜ್ಜೆ ಏಳಲಿಲ್ಲ. ಅಂದಿನಿಂದ ಹೊರಗೆ ಹೋಗುವುದನ್ನೇ ಬಿಟ್ಟರು. ಊಟ ಸೇರದು, ನಿದ್ದೆ ಬಾರದು, ದನಿಯೂ ಇಳಿದುಹೋಯಿತು.

ಮನೆ ಎದುರಿಗೆ ಸೈಕಲ್ ರಿಪೇರಿ ಅಂಗಡಿ. ಅದರವನನ್ನು ಎಲ್ಲರೂ ಪಂಕ್ಚರಪ್ಪ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಹೆಂಡತಿ ಹೇಗೋ ಮಾಡಿ ಗಂಡನನ್ನು ಬಿಸಿಲಿಗೆಂದು ಅವನ ಅಂಗಡಿಯ ಬೆಂಚಿನವರೆಗೆ ಕರೆತಂದಳು. ಗೋಡೆಗೆ ಒರಗಿಸಿದ್ದ ಸೈಕಲ್ಲನ್ನೇ ನೋಡುತ್ತಿದ್ದ ಫ್ರೇಮಣ್ಣ ಕೇಳಿದರು, "ಸುಮ್ನೆ ಒಂದ್ಸಲ ಮೇಲೆ ಕೂತ್ಕೊಳ್ಲಾ?"

"ಅಯ್ಯೋ, ನೆಟ್ಟಗೆ ನಿಲ್ಲೋಕಾಗಲ್ಲ, ಇದೊಂದು ಬಾಕಿ ಇತ್ತು!" ಎಂದಳು ಹೆಂಡತಿ.

"ಕೂತ್ಕೊಳ್ಲಿ ಬಿಡಮ್ಮ, ನಾನು ಹಿಡ್ಕೊಂಡಿರ್ತೀನಿ," ಎಂದ ಪಂಕ್ಚರಪ್ಪ.

ಅವನು ಹಿಡಿದುಕೊಂಡಿದ್ದು ಒಂದೇ ನಿಮಿಷ. ಕಾಲು ಪೆಡಲಿಗೆ ಸಿಕ್ಕಿದ್ದೇ ತಡ, ಇಪ್ಪತ್ತು ವರ್ಷ ಸೈಕಲ್ ಮುಟ್ಟದ ಮನುಷ್ಯ ಅವನ ಕೈ ಬಿಡಿಸಿಕೊಂಡು ಹೊರಟೇಬಿಟ್ಟರು. ಹ್ಯಾಂಡಲ್ ಅಲುಗಲಿಲ್ಲ. ತಿರುವಿನಲ್ಲಿ ಗಂಟೆ ಕೂಡ ಬಾರಿಸಿದರು. ಹತ್ತು ನಿಮಿಷದ ಮೇಲೆ ಬೀದಿಯ ಇನ್ನೊಂದು ಕಡೆಯಿಂದ ಪ್ರತ್ಯಕ್ಷರಾದರು, ಮುಖದ ತುಂಬ ನಗು. ಬಂದವರು ನಿಲ್ಲಲಿಲ್ಲ, ಹಾಗೇ ಮುಂದೆ ಹೋದರು. ಮತ್ತೆ ಒಂದು ಸುತ್ತು. ಎರಡನೇ ಸಲ ದಾಟುವಾಗ ಕೂಗಿದರು, "ಹಿಡೀರೋ! ಇಳಿಯೋಕೆ ಬರ್ತಿಲ್ಲ!"

ಪಂಕ್ಚರಪ್ಪ ಅಡ್ಡ ಬಂದು ಹಿಡಿದ. ಕಾಲು ನೆಲಕ್ಕೆ ತಾಗಿದ ತಕ್ಷಣ ಮತ್ತೆ ಅದೇ ಕಂಬ. ಮನೆಯ ಹೊಸ್ತಿಲು ದಾಟಿಸಲು ಇಬ್ಬರೂ ಬೇಕಾಯಿತು.

ಇದನ್ನು ಕೇಳಿ ಡಾಕ್ಟರು ಬೆಚ್ಚಿಬೀಳಲಿಲ್ಲ. "ಕೆಲವರಿಗೆ ಹೀಗಾಗೋದುಂಟು. ನಡೆಯೋಕಾಗದೇ ಇರೋ ಕಾಲು ಪೆಡಲ್ ತುಳಿಯುತ್ತೆ. ಯಾಕೆ ಅಂದ್ರೆ ನನಗೂ ಪೂರ್ತಿ ಗೊತ್ತಿಲ್ಲ. ಆಗೋವರೆಗೂ ತುಳೀಲಿ."

ಆ ಸೈಕಲ್ಲನ್ನೇ ಮನೆಗೆ ತಂದರು. ದಿನಾ ಬೆಳಿಗ್ಗೆ ಪಂಕ್ಚರಪ್ಪ ಹತ್ತಿಸಿ ಕಳಿಸುವುದು, ಹೆಂಡತಿ ಮನೆ ಪಕ್ಕದ ಪಾರ್ಕಿನ ಗೇಟಿನಲ್ಲಿ ಕಾದು ಇಳಿಸಿಕೊಳ್ಳುವುದು. ಆರು ತಿಂಗಳಲ್ಲಿ ಹೊಟ್ಟೆ ಹಸಿಯತೊಡಗಿತು, ನಿದ್ದೆ ಹತ್ತಿತು. ಸೈಕಲ್ ತುಳಿದು ಬಂದ ಮೇಲೆ ಒಂದು ಗಂಟೆ ಕೈ ನಡುಕವೂ ತಗ್ಗಿರುತ್ತಿತ್ತು. ಆ ಒಂದು ಗಂಟೆಯಲ್ಲಿ ತಾವೇ ಗಡ್ಡ ಹೆರೆದುಕೊಳ್ಳುತ್ತಿದ್ದರು, ಗುಂಡಿ ಹಾಕಿಕೊಳ್ಳುತ್ತಿದ್ದರು, ಹೆಂಡತಿಯ ತಲೆ ತಿನ್ನುತ್ತಿದ್ದರು. ಹಾಡೂ ಗುನುಗಿದರು, ಸ್ವರ ತಪ್ಪಿ. ಆಕೆ ಅಡಿಗೆಮನೆಯಲ್ಲಿ ಕೆಲಸ ನಿಲ್ಲಿಸಿ ಕೇಳಿಸಿಕೊಂಡಳು.

ಒಂದು ದಿನ ಅವರು ಗೇಟಿಗೆ ಬರಲಿಲ್ಲ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಯಾವ ದಿಕ್ಕಿಗೆ ಹುಡುಕುವುದು? ತಾನು ಅತ್ತ ಹೋದಾಗ ಅವರು ಇತ್ತ ಬಂದರೆ ಇಳಿಸಿಕೊಳ್ಳುವವರು ಯಾರು? ಆಕೆ ಅಲ್ಲೇ ನಾಲ್ಕು ಹೆಜ್ಜೆ ಹಿಂದೆ, ನಾಲ್ಕು ಹೆಜ್ಜೆ ಮುಂದೆ ನಡೆದಳು. ಕೊನೆಗೆ ಪಂಕ್ಚರಪ್ಪನೇ ಹೋಗಿ ಪತ್ತೆಹಚ್ಚಿದ. ಮೈಲಿ ದೂರದ ರೈಲ್ವೆ ಗೇಟು ಹಾಕಿತ್ತಂತೆ, ಫ್ರೇಮಣ್ಣ ಕಾಲು ಊರಿದ್ದರಂತೆ. ರೈಲು ಹೋಯಿತು, ಗೇಟು ತೆರೆಯಿತು, ಎಲ್ಲರೂ ಹೊರಟರು. ಅವರು ಮಾತ್ರ ಸೈಕಲ್ಲನ್ನು ಕಾಲ ನಡುವೆ ಇಟ್ಟುಕೊಂಡು ಒಂದೂವರೆ ಗಂಟೆ ನಿಂತಲ್ಲೇ ನಿಂತಿದ್ದರು. ಇನ್ನೊಂದು ರೈಲೂ ಬಂದು ಹೋಯಿತು. ಯಾರಿಗೋ ಕಾಯುತ್ತಿದ್ದಾರೆ ಎಂದುಕೊಂಡು ಜನ ಪಕ್ಕದಲ್ಲೇ ದಾಟಿ ಹೋಗಿದ್ದರು.

"ಒಬ್ಬರನ್ನಾದ್ರೂ ಕೂಗಬಾರದಿತ್ತೇನ್ರೀ?"

"ಕೂಗಿದೆ ಕಣೇ," ಎಂದರು. ಆ ಮಾತೂ ಆಕೆ ಕಿವಿಗೊಟ್ಟಾಗಲೇ ಕೇಳಿಸಿದ್ದು.

ಆಮೇಲೆ ಪಾರ್ಕಿನ ಒಳಗೆ ಮಾತ್ರ, ಆಕೆಯ ಕಣ್ಣಳತೆಯಲ್ಲಿ. ಹತ್ತು ಸುತ್ತು ಎಂಟಾಯಿತು, ಎಂಟು ಐದಾಯಿತು. ಮಾತ್ರೆ ಹೆಚ್ಚಾಯಿತು. ಹ್ಯಾಂಡಲ್ ಅಲುಗುವುದು ಆಕೆಗೆ ಬೆಂಚಿನಿಂದಲೇ ಕಾಣುತ್ತಿತ್ತು. ಬಿದ್ದರೆ ಸೊಂಟದ ಮೂಳೆ ಮುರಿದೀತು, ನಿಲ್ಲಿಸುವುದು ಒಳ್ಳೆಯದು ಎಂದರು ಡಾಕ್ಟರು. ನಿಲ್ಲಿಸಿದರೆ ಏನಾಗುತ್ತದೆಂದು ಕೇಳಿದ್ದಕ್ಕೆ, "ಅದೂ ಒಳ್ಳೇದಲ್ಲ," ಎಂದು ಕನ್ನಡಕ ಒರೆಸಿಕೊಂಡರು.

ಒಂದು ಚಳಿಯ ಬೆಳಿಗ್ಗೆ ಆಕೆ ಎಂದಿನಂತೆ ಇಳಿಸಿಕೊಳ್ಳಲು ಕೈಚಾಚಿದಳು. ಆಕೆಗೂ ಅರವತ್ತು ದಾಟಿತ್ತು, ತೋಳು ಸೋತಿತು. ಸೈಕಲ್ಲು, ಗಂಡ, ಹೆಂಡತಿ ಮೂವರೂ ಹುಲ್ಲಿನ ಮೇಲೆ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಆದರೆ ಅವರಿಗೆ ಏಳಲು ಬರದು, ಆಕೆಗೆ ಎಬ್ಬಿಸಲು ಆಗದು. ಮಾಲಿ ಬರುವ ತನಕ ಒದ್ದೆ ಹುಲ್ಲಿನಲ್ಲಿ ಅಕ್ಕಪಕ್ಕ ಮಲಗಿದ್ದರು. ಫ್ರೇಮಣ್ಣನಿಗೆ ನಗು ಬಂತು, ಆಕೆಗೆ ಬರಲಿಲ್ಲ.

"ಏನಾಯ್ತಮ್ಮ?" ಎಂದು ಮಾಲಿ ಓಡಿ ಬಂದ.

"ಏನಿಲ್ಲಪ್ಪ, ಇಳೀತಿದ್ವಿ," ಎಂದಳು.

ಮನೆಗೆ ಬಂದವಳೇ ಸೈಕಲ್ಲಿಗೆ ಬೀಗ ಹಾಕಿದಳು. ಮೊದಲ ದಿನ ಅವರು ಕಿಟಕಿಯ ಬಳಿ ಕೂತರು. ಎರಡನೇ ದಿನ ತಟ್ಟೆಯಲ್ಲಿ ಅರ್ಧ ಬಿಟ್ಟರು. ನಾಲ್ಕನೇ ದಿನ ಬಚ್ಚಲ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತರು. ಆಕೆ ಗೆರೆ ತೋರಿಸಿದಳು, ಕೈ ಹಿಡಿದಳು, ಬೈದಳು, ಕೊನೆಗೆ ಅವರ ಕಾಲ ಬುಡದಲ್ಲೇ ಕುಕ್ಕರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಬೀಗ ತೆಗೆದು, ಪಂಕ್ಚರಪ್ಪನನ್ನು ಕರೆಯಲು ಹೋದಳು.